ಅತ್ತೆಯ ಉಪ್ಪಿನ ಪೊಟ್ಟಣ

ಮಾರ್ಚ್ ಹನ್ನೆರಡು, ಬುಧವಾರ

ಉಪ್ಪು ನಮ್ಮ ಶತ್ರುವೋ ನೆಂಟನೋ, ಇವತ್ತು ನನಗೇ ತಿಳಿಯುತ್ತಿಲ್ಲ.

ಹತ್ತಿ ಬಿತ್ತುವ ಮೊದಲು ಮಣ್ಣಿನ ಉಪ್ಪು ತೊಳೆಯಬೇಕಲ್ಲ, ಬೆಳಿಗ್ಗೆ ಹೊಲಕ್ಕೆ ಮೂರನೆಯ ಸಲ ಅಮು ನದಿಯ ನೀರು ನಿಲ್ಲಿಸಿ ಬಸಿದೆವು. ಆ ಉಪ್ಪುನೀರು ಹೋಗಿದ್ದು ಕೆಳಗಿನ ಊರಿನತ್ತ ಹರಿಯುವ ಹಳ್ಳಕ್ಕೆ. ಊರಿನ ಬಾವಿನೀರನ್ನು ಸಿಹಿ ಮಾಡುವ ನಾನು ನಡೆಸುವ ಯಂತ್ರ ಉಪ್ಪು ಉಗುಳುವುದೂ ಅದೇ ಹಳ್ಳಕ್ಕೆ. ಪಕ್ಕದ ಹೊಲದ ಸರ್ಸೆನ್‌ಬಾಯ್ ನಕ್ಕ: "ಅತ್ತಿಗೆ, ನೀವು ನೀರಿಂದ ತೆಗೀತೀರಿ, ನಾವು ಮಣ್ಣಿಂದ ತೆಗೀತೀವಿ. ಕೆಳಗಿನ ಊರಿನೋರು ಎಲ್ಲಿಂದ ತೆಗೀಬೇಕು?" ನಾನು ಸಲಿಕೆ ಹೆಗಲಿಗೇರಿಸಿ ಮನೆಗೆ ಹೊರಟೆ.

ಮನೆಯಲ್ಲಿ ಅತ್ತೆ, ನಮ್ಮ ಕಡೆ ಉಪ್ಪು ಹಾಕಿ ಕುಡಿಯುವ ಹಾಲುಚಹಾವನ್ನು ಸಪ್ಪೆಯಾಗಿಯೇ ಮುಂದಿಟ್ಟುಕೊಂಡು ಮುಖ ಗಂಟು ಹಾಕಿದ್ದರು. ಅವರ ಕಿಡ್ನಿಯಲ್ಲಿ ಕಲ್ಲಾಗಿದೆ, ಡಾಕ್ಟರು ಶೋಧಿಸದ ಬಾವಿನೀರನ್ನೂ ಉಪ್ಪನ್ನೂ ಬಿಡಿಸಿದ್ದಾರೆ.

"ಸತ್ತ ನೀರು ಕಣೇ ಇದು. ಚಹಾದಲ್ಲಿ ಜೀವಾನೇ ಇಲ್ಲ."

"ಒಳ್ಳೇ ನೀರು ಅತ್ತೆ, ನಾನೇ ಕೈಯಾರೆ ಶೋಧಿಸಿದ್ದು."

"ಅದಕ್ಕೇ ಹಿಂಗಿದೆ!"

ಕೋಟಿನ ಜೇಬಿನಿಂದ ಪುಟ್ಟ ಪೊಟ್ಟಣ ತೆಗೆದು ಬಟ್ಟಲಿಗೆ ಚಿಟಿಕೆ ಉಪ್ಪು ಹಾಕಿಕೊಂಡರು. ಎಷ್ಟು ದಿನದಿಂದ ಹೀಗೆ? ನಾನು ರೇಗಿ ಪೊಟ್ಟಣ ಕಿತ್ತುಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬರೆಯುತ್ತ ನಾನೂ ಒಂದು ಬಟ್ಟಲು ಚಹಾ ಬಗ್ಗಿಸಿಕೊಂಡೆ. ಸಪ್ಪೆ. ಪೊಟ್ಟಣ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಒಂದೇ ಒಂದು ಚಿಟಿಕೆ ಹಾಕಿ ನೋಡಿದೆ. ತವರಿನಲ್ಲಿ ಅವ್ವ ಕೊಡುತ್ತಿದ್ದ ಚಹಾ ನಾಲಿಗೆಗೆ ಬಂದುಬಿಟ್ಟಿತು.

ಬಟ್ಟಲು ಖಾಲಿಯಾಗಿದೆ. ನಾಳೆ ಬೆಳಿಗ್ಗೆ ಯಾವ ಮುಖ ಇಟ್ಟುಕೊಂಡು ಅತ್ತೆಗೆ ಆ ನೀರು ಕೊಡಲಿ?