ಎಡ ಭುಜ ಅರ್ಧ ಇಂಚು ಕೆಳಗೆ

ವಲಸೆ ಮತ್ತು ಗಡಿ ಭದ್ರತಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ, ಊರೆಲ್ಲ ಓದಲೆಂದು ಬರೆದ ಪತ್ರ

ಮಾನ್ಯರೇ,

ನಿಮ್ಮ ಕಚೇರಿಯ ಏಳನೇ ಕಿಟಕಿಯಲ್ಲಿ ನನ್ನದೊಂದು ಪುಸ್ತಕ ಸಿಕ್ಕಿಹಾಕಿಕೊಂಡಿದೆ. ಅದನ್ನು ಹಿಂದಿರುಗಿಸಿ. ಹಿಂದಿರುಗಿಸದಿದ್ದರೆ ಇನ್ನು ಹತ್ತೊಂಬತ್ತು ದಿನಗಳಲ್ಲಿ ನಾನು ಈ ದೇಶ ಬಿಟ್ಟು ಹೋಗಬೇಕಾಗುತ್ತದೆ. ವಿಷಯ ಇಷ್ಟೇ. ಆದರೆ ಮೂರು ಸಾಲಿನ ಅರ್ಜಿ ಕೊಟ್ಟರೆ 'ವಿವರ ಸಾಲದು' ಎಂಬ ಮುದ್ರೆಯೊಂದಿಗೆ ವಾಪಸು ಬರುವುದು ನಿಮ್ಮ ಇಲಾಖೆಯ ಪದ್ಧತಿಯಾದ್ದರಿಂದ, ಈ ಸಲ ವಿವರಕ್ಕೆ ಕೊರತೆ ಮಾಡದಿರಲು ತೀರ್ಮಾನಿಸಿದ್ದೇನೆ. ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳಿಗೆ ಉತ್ತರವಿಲ್ಲ. ಐದನೆಯದನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ನಾನು ದರ್ಜಿ. ಗಂಡಸರ ಕೋಟು ಕತ್ತರಿಸುವವಳು. ಈ ಊರಿಗೆ ಬಂದು ಹದಿನೈದು ವರ್ಷ ತುಂಬಿ ಮೇಲೆ ಎರಡು ತಿಂಗಳಾಗಿವೆ.

ಹೊಸ ವಲಸೆ ಸುಧಾರಣಾ ಕಾಯ್ದೆಯ ಚರ್ಚೆಯನ್ನು ನಾನು ಇಸ್ತ್ರಿ ಹಾಕುತ್ತಾ ಅಂಗಡಿಯ ಟೀವಿಯಲ್ಲಿ ಪೂರ್ತಿ ನೋಡಿದ್ದೇನೆ. ಗಡಿಯ ಬೇಲಿ ಹನ್ನೆರಡು ಅಡಿ ಇರಬೇಕೋ ಹದಿನಾರು ಅಡಿಯೋ ಎಂದು ಒಂಬತ್ತು ವಾರ ವಾದ ನಡೆಯಿತು. ಪಾಪ, ಒಬ್ಬ ಸದಸ್ಯರು ಹದಿನಾಲ್ಕು ಎಂದು ರಾಜಿ ಸೂಚಿಸಿದ್ದಕ್ಕೆ ಎರಡೂ ಕಡೆಯವರು ಸೇರಿ ಅವರನ್ನು ದೇಶದ್ರೋಹಿ ಎಂದರು. ಆ ಒಂಬತ್ತು ವಾರಗಳಲ್ಲಿ ಅವರೆಲ್ಲರೂ ಒಪ್ಪಿದ ಮಾತು ಅದೊಂದೇ. ಬೇಲಿಯ ಭಾಗ ಇನ್ನೂ ಚರ್ಚೆಯಲ್ಲೇ ಇದೆ. ಮನುಷ್ಯರ ಭಾಗವನ್ನು ಮಾತ್ರ ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಮೊದಲು, ಕೈಯೆತ್ತಿ ಪಾಸು ಮಾಡಿ ಜಾರಿಗೂ ತಂದುಬಿಟ್ಟರು.

ಆ ಭಾಗ ನನ್ನ ಮನೆಯಲ್ಲಿ ಹೇಗೆ ಜಾರಿಯಾಗಿದೆ ಕೇಳಿ. ನಾವಿರುವುದು ನಾಲ್ಕು ಜನ. ಮಗಳು ಇಲ್ಲೇ ಹುಟ್ಟಿದವಳು, ಅವಳು ನಾಗರಿಕಳು. ಗಂಡ ತರಕಾರಿ ಲಾರಿಯ ಚಾಲಕ, ಆ ಕೆಲಸ ನಿಮ್ಮ 'ಅತ್ಯಗತ್ಯ ವೃತ್ತಿ'ಗಳ ಪಟ್ಟಿಯಲ್ಲಿದೆ, ಅವರು ಇರಬಹುದು. ಅತ್ತೆಗೆ ಎಪ್ಪತ್ತು ದಾಟಿದೆ, ವಯಸ್ಸಿನ ರಿಯಾಯಿತಿಯಲ್ಲಿ ಅವರೂ ಇರಬಹುದು. ಉಳಿದವಳು ನಾನು. ಹೊಲಿಗೆ ಅತ್ಯಗತ್ಯ ವೃತ್ತಿಯಲ್ಲ. ಪಟ್ಟಿ ತಯಾರಿಸಿದ ಸಮಿತಿಯವರು ಅಂದು ಸಭೆಗೆ ಏನು ಉಟ್ಟುಕೊಂಡು ಬಂದಿದ್ದರು ಎಂದು ಕೇಳುವ ಅಧಿಕಾರ ನನಗಿಲ್ಲ. ಗಂಡನ ಹಕ್ಕಿನಲ್ಲಿ ಅರ್ಜಿ ಹಾಕಬಹುದಂತೆ, ಆದರೆ ಗಡಿಯ ಆಚೆಗೆ ಹೋಗಿ ಅಲ್ಲಿಂದ ಹಾಕಬೇಕಂತೆ, ತೀರ್ಮಾನಕ್ಕೆ ನಾಲ್ಕು ವರ್ಷ ಹಿಡಿಯುತ್ತದಂತೆ. ಮನೆಯೊಳಗೆ ಇರಲು ಅನುಮತಿ ಬೇಕಿದ್ದರೆ ಮೊದಲು ಮನೆಯಿಂದ ಹೊರಗೆ ಹೋಗು ಎನ್ನುವ ಈ ಬುದ್ಧಿವಂತಿಕೆಗೆ ಎಷ್ಟು ಜನ ಸೇರಿ ತಲೆ ಕೆಡಿಸಿಕೊಂಡರೋ.

ನನಗೆ ಉಳಿದಿದ್ದ ದಾರಿ ಒಂದೇ. ಹದಿನೈದು ವರ್ಷ ಬಿಡದೆ ಇಲ್ಲಿದ್ದೆನೆಂದು, ವರ್ಷಕ್ಕೊಂದರಂತೆ ತಾರೀಕಿರುವ ಪುರಾವೆ ಕೊಟ್ಟರೆ ಇರಬಹುದು. ಹದಿನಾಲ್ಕು ವರ್ಷಗಳಿಗೆ ಬಾಡಿಗೆ ಕರಾರು, ಶಾಲೆಯ ಚೀಟಿ, ಕರೆಂಟು ಬಿಲ್ಲು ಎಲ್ಲ ಇದ್ದವು. ಮೊದಲನೆಯ ವರ್ಷಕ್ಕೆ ಇರಲಿಲ್ಲ. ಆ ವರ್ಷ ನಾವಿದ್ದದ್ದು ಹಳೆಯ ಯಜಮಾನರ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ಮಧ್ಯೆ. ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಯಜಮಾನರೂ ಈಗಿಲ್ಲ. ಅವರು ನನ್ನ ಕೈಯಲ್ಲಿ ಬರೆಸಿದ ಆ ವರ್ಷದ ಅಳತೆ ಪುಸ್ತಕ ಮಾತ್ರ ನನ್ನ ಹತ್ತಿರ ಉಳಿದಿತ್ತು. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪುಟ, ಅಳತೆ, ತಾರೀಕು, ಟ್ರಯಲ್‌ಗೆ ಬಂದ ದಿನ ಅವರ ಸಹಿ. ಅದನ್ನು ಹಿಡಿದುಕೊಂಡು ನಿಮ್ಮ ಏಳನೇ ಕಿಟಕಿಗೆ ಹೋದೆ.

ಕಿಟಕಿಯ ಹಿಂದಿದ್ದ ಗುಮಾಸ್ತರು ಪುಸ್ತಕವನ್ನು ಮೇಲೆ ಕೆಳಗೆ ಮಾಡಿ ನೋಡಿದರು.

"ಇದೇನಮ್ಮ ಇದು?"

"ಅಳತೆ ಪುಸ್ತಕ ಸಾರ್. ಎಲ್ಲಾ ಪುಟದಲ್ಲೂ ತಾರೀಕಿದೆ."

"ಬರೆದಿರೋರು ಯಾರು?"

"ನಾನೇ."

"ನಿಮ್ಮ ಸಾಕ್ಷಿ ನೀವೇ ಬರ್ಕೊಂಡು ಬಂದ್ರೆ ನಾವೇನ್ ಮಾಡ್ಬೇಕು?"

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ದರ್ಜಿಗಳಿಗೆ ಗಿರಾಕಿಯ ಮುಖ ನೆನಪಿರುವುದಿಲ್ಲ, ಹೆಗಲು ನೆನಪಿರುತ್ತದೆ. ಆ ಮಹಾಶಯರು ಮುದ್ರೆಗೆಂದು ಕೈ ಚಾಚಿದಾಗ ಬಲತೋಳು ಎಡತೋಳಿಗಿಂತ ಕಾಲು ಇಂಚು ಉದ್ದವಿರುವುದು ಕಣ್ಣಿಗೆ ಬಿತ್ತು. ಆ ತೋಳು ನನಗೆ ಗೊತ್ತು. ಸರಸರನೆ ಮೂವತ್ತೊಂದನೆಯ ಪುಟ ತೆಗೆದೆ.

"ನೋಡಿ ಸಾರ್, ಇದು ನೀವೇ. ಸಹಿನೂ ನಿಮ್ದೇ. ಆಗ ಸೊಂಟ ಮೂವತ್ತೊಂದಿತ್ತು. ಈಗ ಒಂದ್ ನಲವತ್ತೆರಡು ಇರಬಹುದು, ಅಲ್ವಾ?"

ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಬದುಕಿದವರು ಮೆಲ್ಲಗೆ ಮಾತಾಡುವುದನ್ನು ಮರೆತಿರುತ್ತಾರೆ. ಹಾಲ್‌ನಲ್ಲಿ ಅರವತ್ತು ಜನ ಸರತಿಯಲ್ಲಿದ್ದರು. ನನ್ನ ಹಿಂದಿದ್ದ ಅಜ್ಜ ಒಬ್ಬರು ಬಗ್ಗಿ ನೋಡಿ, "ನಲವತ್ನಾಲ್ಕು" ಎಂದರು. ಮುಂದಿನ ಎರಡು ನಿಮಿಷ ನಿಮ್ಮ ಕಚೇರಿಯಲ್ಲಿ ಹಿಂದೆಂದೂ ಕೇಳಿಬರದಷ್ಟು ನಗು ಕೇಳಿಬಂತು.

ಗುಮಾಸ್ತರ ಕಿವಿ ಕೆಂಪಾಯಿತು. ಪುಸ್ತಕವನ್ನು ಎಳೆದುಕೊಂಡು ನಾಲ್ಕಾರು ಪುಟ ತಿರುವಿದರು. ಹಳೆಯ ಯಜಮಾನರಿಗೆ ಗಡಿ ಪಡೆಯ ಸಮವಸ್ತ್ರದ ಗುತ್ತಿಗೆಯೂ ಇತ್ತು. ಆ ಅಳತೆಗಳನ್ನು ಕಂಡದ್ದೇ ತಡ, "ಇದರಲ್ಲಿ ಪಡೆಯವರ ಶಾರೀರಿಕ ವಿವರ ಇದೆ. ಇದು ಭದ್ರತಾ ವಿಷಯ" ಎಂದು ಒಳಗಿಟ್ಟು ಬೀಗ ಹಾಕಿದರು. ನನಗೊಂದು ರಶೀದಿ ಕೊಟ್ಟರು: 'ಗಡಿ ಸಿಬ್ಬಂದಿಯ ದೇಹಸಂಬಂಧಿ ಸೂಕ್ಷ್ಮ ಮಾಹಿತಿ, ಪುಸ್ತಕ ಒಂದು.' ವೈರಿಗಳು ನಮ್ಮ ಪಡೆಯವರ ಸೊಂಟದ ಅಳತೆ ತಿಳಿದು ಏನು ಮಾಡುತ್ತಾರೆ ಎಂದು ಬಹಳ ಯೋಚಿಸಿದೆ. ಇವರು ಓಡಿ ಬಂದು ಹಿಡಿಯಲಾರರು ಎಂಬ ಧೈರ್ಯ ಬಂದೀತು, ಅದನ್ನು ಒಪ್ಪುತ್ತೇನೆ.

ಒಂದು ವಾರದ ಮೇಲೆ ನೋಟಿಸು ಬಂತು. ಹದಿನಾಲ್ಕು ವರ್ಷ ಸಾಬೀತಾಗಿದೆ, ಮೊದಲನೆಯ ವರ್ಷಕ್ಕೆ ಪುರಾವೆ ಇಲ್ಲ, ನಲವತ್ತೈದು ದಿನದೊಳಗೆ ಹೊರಡತಕ್ಕದ್ದು. ಪುರಾವೆ ಎಲ್ಲಿದೆ ಎಂದರೆ ನಿಮ್ಮ ಕಪಾಟಿನಲ್ಲಿದೆ. ಅದೇ ಅಂಚೆಯಲ್ಲಿ ನಾನು ಈಗ ಕೆಲಸ ಮಾಡುವ ಅಂಗಡಿಗೆ ನಿಮ್ಮ ಇಲಾಖೆಯ ಇನ್ನೊಂದು ಲಕೋಟೆಯೂ ಬಂದಿತ್ತು. ಹೊಸ ಗಡಿ ಪಡೆಗೆ ಇನ್ನೂರ ಅರವತ್ತು ಕೋಟು ಬೇಕಂತೆ, ತೊಂಬತ್ತು ದಿನದ ಗಡುವು. ಕತ್ತರಿಸಬೇಕಾದವಳು ನಾನೇ. ಎರಡು ಲಕೋಟೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ನನ್ನನ್ನು ಒಳಗೆ ಬಿಡದಂತೆ ಕಾಯುವವರ ಕೋಟನ್ನು ನಾನು ಗಡಿಯಾಚೆಯಿಂದ ಹೊಲಿದು ಬೇಲಿಯ ಮೇಲಿಂದ ಎಸೆಯಬೇಕು. ಬೇಲಿ ಹನ್ನೆರಡು ಅಡಿಯೇ ಆದರೆ ನನ್ನ ಕೈಗೆ ಅನುಕೂಲ.

ಪಕ್ಕದ ಕ್ಷೌರದಂಗಡಿಯಣ್ಣ ಈ ಕಾಯ್ದೆಯ ದೊಡ್ಡ ಅಭಿಮಾನಿ. ಅವನೂ ಮೂವತ್ತು ವರ್ಷದ ಹಿಂದೆ ಹೊರಗಿನಿಂದ ಬಂದವನೇ. ಟೀವಿಯ ಮುಂದೆ ಕೂತು, "ಬಾಗಿಲು ಹಾಕ್ಬಿಡ್ಬೇಕು, ಒಬ್ಬರನ್ನೂ ಇಟ್ಕೋಬಾರ್ದು" ಎನ್ನುತ್ತಿದ್ದವನಿಗೆ ನೋಟಿಸು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ನಿನ್ನನ್ನಲ್ಲಮ್ಮ ನಾನು ಹೇಳಿದ್ದು. ಅವರನ್ನ."

"ಅವರು ಅಂದ್ರೆ ಯಾರಣ್ಣ?"

"ಅದೇ, ಟೀವಿಲಿ ತೋರಿಸ್ತಾರಲ್ಲ."

ಆಮೇಲೆ ಬಾಚಣಿಗೆ ಒರೆಸತೊಡಗಿದ. ನಾನು ಹೊರಡುವಾಗ, ಹಾಗಿದ್ದರೆ ತನ್ನ ಪ್ಯಾಂಟಿನ ಕಾಲು ಚಿಕ್ಕದು ಮಾಡುವವರು ಯಾರು ಎಂದು ಕೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಜವಾಗಿಯೂ ಅವನು ನನ್ನನ್ನು ಅಂದಿರಲಿಲ್ಲ.

ಗಡಿಯೇ ಬೇಡ ಎನ್ನುವವರ ಗುಂಪಿನವಳು ನಾನಲ್ಲ ಮಾನ್ಯರೇ. ಅಂಚು ಮಡಚಿ ಹೊಲಿಯದ ಬಟ್ಟೆ ಎರಡು ಒಗೆತಕ್ಕೆ ನೂಲು ಬಿಟ್ಟುಕೊಳ್ಳುತ್ತದೆ, ಅದು ನನಗೆ ನಿಮ್ಮ ಸದಸ್ಯರಿಗಿಂತ ಚೆನ್ನಾಗಿ ಗೊತ್ತು. ಆದರೆ ಅಂಚಿನ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲಿಯುವುದು ನಮ್ಮ ಕಸುಬಿನ ಮೊದಲ ಪಾಠ. ಮನುಷ್ಯ ದಪ್ಪಗಾಗುತ್ತಾನೆ, ಮಗು ಉದ್ದವಾಗುತ್ತದೆ, ಕತ್ತರಿಸುವವರ ಕೈಯೂ ಒಮ್ಮೊಮ್ಮೆ ತಪ್ಪುತ್ತದೆ. ಆಗ ಬಿಚ್ಚಿ ಸರಿಮಾಡಲು ಒಳಗೆ ಬಟ್ಟೆ ಇರಬೇಕು. ಒಂದು ಪುಸ್ತಕ ಕಪಾಟಿಗೆ ಹೋದದ್ದಕ್ಕೆ ಒಬ್ಬಳು ದೇಶದಿಂದಲೇ ಹೊರಗೆ ಹೋಗಬೇಕಾದರೆ, ಈ ಕಾಯ್ದೆಯನ್ನು ಕತ್ತರಿಸಿದವರು ಒಳಗೆ ಕಾಲು ಇಂಚನ್ನೂ ಬಿಟ್ಟಿಲ್ಲ.

ಈಗ ನಿಮ್ಮ ವಿಚಾರಕ್ಕೆ ಬರುತ್ತೇನೆ.

ಕಳೆದ ವಾರ ನೀವು ಟೀವಿಗೆ ಬಂದಿದ್ದಿರಿ. "ಸಾಕ್ಷಿ ಇರೋರು ಯಾರೂ ಹೆದರಬೇಕಾಗಿಲ್ಲ. ಸಾಕ್ಷಿಯನ್ನ ಕರ್ಕೊಂಡು ಬನ್ನಿ, ನಾವೇ ಬರ್ಕೋತೀವಿ" ಎಂದಿರಿ. ಅತ್ತೆ ತಟ್ಟೆ ಕೆಳಗಿಟ್ಟು, "ಈ ಮನುಷ್ಯ ಯಾಕೆ ಒಂದ್ ಕಡೆ ವಾಲ್ಕೊಂಡು ಕೂತಿದ್ದಾನೆ?" ಎಂದರು. ನಾನು ನೋಡಿದೆ. ನೀವು ವಾಲಿಕೊಂಡಿರಲಿಲ್ಲ. ನೆಟ್ಟಗೇ ಕೂತಿದ್ದಿರಿ. ನಿಮ್ಮ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗಿದೆ, ತೊಟ್ಟದ್ದು ರೆಡಿಮೇಡ್ ಕೋಟು, ಅದು ಎಲ್ಲವನ್ನೂ ಬಯಲು ಮಾಡುತ್ತಿತ್ತು. ಆ ಭುಜವನ್ನು ನಾನು ಅಳೆದಿದ್ದೆ. ಐವತ್ತೇಳನೆಯ ಪುಟ.

ನಿಮಗೆ ನೆನಪಿರಲಾರದು. ಆಗ ನೀವು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಿರಿಯ ಇನ್ಸ್‌ಪೆಕ್ಟರು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬರೇ ಬಂದಿರಿ, ಮೂರು ವಾರದಲ್ಲಿ ಮದುವೆ. ಟೇಪು ಹಿಡಿದವಳು ಹೆಂಗಸು ಎಂದು ಕಂಡು ಉಸಿರು ಬಿಗಿಹಿಡಿದು ನಿಂತಿರಿ, ನಾನು ಎರಡು ಸಲ ಅಳೆಯಬೇಕಾಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ಯಾರಿಗೂ ಹೇಳ್ಬೇಡಿ, ನನ್ನ ಎಡ ಭುಜ ಸ್ವಲ್ಪ ಕೆಳಗಿದೆ" ಎಂದಿರಿ.

"ಕೋಟು ಹಾಕ್ಕೊಂಡ್ಮೇಲೆ ನಿಮ್ಮ ಹೆಂಡ್ತಿಗೂ ಗೊತ್ತಾಗಲ್ಲ, ಬಿಡಿ ಸಾರ್."

"ನೀವು ಇಲ್ಲಿಗೆ ಹೊಸಬರಾ?"

"ಹೌದು. ಬಂದು ಆರು ತಿಂಗಳಾಯ್ತು."

"ಪರವಾಗಿಲ್ಲ. ಈ ಊರಲ್ಲಿ ಎಲ್ರೂ ಎಲ್ಲಿಂದಲೋ ಬಂದೋರೇ."

ಈ ಕೊನೆಯ ಮಾತು ನಿಮ್ಮದು. ಆ ವರ್ಷ ಇಲ್ಲಿ ನನಗೆ ಯಾರಾದರೂ ಆಡಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು, ಅದಕ್ಕೇ ನೆನಪಿದೆ. ಎಡ ಭುಜಕ್ಕೆ ಒಂದು ಪ್ಯಾಡು ಹೆಚ್ಚಿಗೆ ಕೊಟ್ಟು ಹೊಲಿದೆ. ಟ್ರಯಲ್ ದಿನ ಕನ್ನಡಿಯ ಮುಂದೆ ನೀವು ನಿಂತದ್ದು ಹೇಗಿತ್ತೆಂದರೆ ಯಜಮಾನರು ಚಹಾ ಲೋಟ ಹಿಡಿದುಕೊಂಡೇ ಎದ್ದು ಬಂದು ನೋಡಿದರು. ನಿಮ್ಮ ಗುಟ್ಟನ್ನು ಹೆಚ್ಚುಕಡಿಮೆ ಹದಿನೈದು ವರ್ಷ ಕಾಪಾಡಿದ್ದೆ. ಇಂದು ಊರೆಲ್ಲರ ಮುಂದೆ ಹೇಳಬೇಕಾಯಿತು, ಕ್ಷಮಿಸಿ. ನಾಲ್ಕು ಪತ್ರಗಳಲ್ಲಿ ಒಂದಕ್ಕಾದರೂ ಉತ್ತರ ಬರೆದಿದ್ದರೆ ಅದು ನಮ್ಮಿಬ್ಬರ ನಡುವೆಯೇ ಇರುತ್ತಿತ್ತು.

ನೋಟಿಸು ಬಂದ ದಿನ ಮಗಳು ಏನೂ ಕೇಳಲಿಲ್ಲ. ಅವಳಿಗೆ ಹದಿಮೂರು, ಕೇಳದೆ ಇರುವ ವಯಸ್ಸು. ಮೊನ್ನೆ ಶಾಲೆಯ ಸ್ಕರ್ಟನ್ನು ಒಳಮಗ್ಗುಲು ಹೊರಗೆ ಮಾಡಿ ತಂದು ನನ್ನ ಮುಂದೆ ಹಿಡಿದಳು.

"ಅಮ್ಮ, ಇದರಲ್ಲಿ ಎಷ್ಟು ಬಟ್ಟೆ ಬಿಟ್ಟಿದೀಯಾ?"

"ಮೂರು ಇಂಚು."

"ನಾಲ್ಕು ವರ್ಷಕ್ಕೆ ಸಾಕಾಗತ್ತಾ?"

ನಾನು ಎದ್ದು ಹೋಗಿ ಇಸ್ತ್ರಿಯ ಪ್ಲಗ್ಗು ಕಿತ್ತಿದ್ದೇನೋ ಇಲ್ಲವೋ ಎಂದು ನೋಡಿ ಬಂದೆ. ಕಿತ್ತಿದ್ದೆ. ನನಗೆ ಭಯವಾಗಿದೆ ಮಾನ್ಯರೇ. ಇಷ್ಟು ಹೊತ್ತು ತಮಾಷೆ ಮಾಡುತ್ತಿರುವುದು ಅದಕ್ಕೇ.

ನನ್ನ ಬೇಡಿಕೆ ಕಷ್ಟದ್ದೇನಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆಸಿ. ಅದು ನನ್ನ ಕೈಬರಹ, ನಂಬಲಾಗುವುದಿಲ್ಲ ಎನ್ನುವುದಾದರೆ ಬೇಡ. ಮನೆಗೆ ಹೋಗಿ ನಿಮ್ಮ ಮದುವೆಯ ಕೋಟನ್ನು ಬೀರುವಿನಿಂದ ತೆಗೆಯಿರಿ. ನಮ್ಮ ಹಳೆಯ ಯಜಮಾನರದೊಂದು ಪದ್ಧತಿಯಿತ್ತು. ಹೊಲಿದವರು ಹೊಲಿದದ್ದಕ್ಕೆ ಜವಾಬು ಹೇಳಬೇಕೆಂದು, ಪ್ರತಿ ಕೋಟಿನ ಒಳಜೇಬಿನ ಹಿಂದೆ, ಲೈನಿಂಗ್ ಬಟ್ಟೆಯ ಕೆಳಗೆ, ಬಿಳಿ ಪಟ್ಟಿಯೊಂದರ ಮೇಲೆ ಪುಟದ ಸಂಖ್ಯೆ, ತಾರೀಕು ಮತ್ತು ಕತ್ತರಿಸಿದವರ ಗುರುತನ್ನು ದಾರದಲ್ಲೇ ಹೊಲಿಸುತ್ತಿದ್ದರು. ನನ್ನ ಗುರುತು ಕೆಂಪು ದಾರದ ಮೂರು ಹೊಲಿಗೆ. ಸಣ್ಣ ಕತ್ತರಿಯ ತುದಿಯಿಂದ ಜೇಬಿನ ಕೆಳಗಿನ ನಾಲ್ಕು ಹೊಲಿಗೆ ಬಿಚ್ಚಿ, ಎಳೆಯಬೇಡಿ. ಓದಿಕೊಂಡು, ನಾಳೆ ಏಳನೇ ಕಿಟಕಿಗೆ ಬಂದು ಸರತಿಯಲ್ಲಿ ನಿಂತು ಸಾಕ್ಷಿ ಹೇಳಿ. ಬರ್ಕೋತೀವಿ ಎಂದು ಟೀವಿಯಲ್ಲಿ ಹೇಳಿದವರು ನೀವೇ, ಗುಮಾಸ್ತರು ಬರೆದುಕೊಳ್ಳದೆ ಇರಲಾರರು.

ಬಿಚ್ಚಿದ ಹೊಲಿಗೆಯನ್ನು ನಾನೇ ಹಾಕಿಕೊಡುತ್ತೇನೆ. ಲಂಚವೆಂದು ಯಾರಾದರೂ ಅಂದಾರು ಎಂಬ ಭಯವಿದ್ದರೆ ಮಜೂರಿ ಕೊಡಿ, ತೆಗೆದುಕೊಳ್ಳುತ್ತೇನೆ. ಆ ಕೋಟು ಈಗ ನಿಮಗೆ ಹಿಡಿಯುವುದಿಲ್ಲ ಎಂದು ಟೀವಿ ನೋಡಿದಾಗಲೇ ತಿಳಿಯಿತು. ಚಿಂತೆ ಮಾಡಬೇಡಿ. ಎರಡೂ ಪಕ್ಕದಲ್ಲಿ ಬಿಚ್ಚಿ ದೊಡ್ಡದು ಮಾಡಲು ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದೇನೆ. ಆಗಷ್ಟೇ ಊರಿಗೆ ಬಂದು ಆರು ತಿಂಗಳಾಗಿದ್ದ ಹೊಸಬಳೊಬ್ಬಳು, ಗುರುತು ಪರಿಚಯವಿಲ್ಲದ ನಿಮಗೆ, ಮುಂದೆ ಬೇಕಾದೀತು ಎಂದು ಬಿಟ್ಟ ಬಟ್ಟೆ ಅದು. ಮಗಳ ಸ್ಕರ್ಟಿನಲ್ಲಿ ಇರುವುದು ಮೂರೇ ಇಂಚು, ನಾಲ್ಕು ವರ್ಷಕ್ಕೆ ಅದು ಸಾಲುವುದಿಲ್ಲ.

ಇಂತಿ,
ನಿಮ್ಮನ್ನು ಒಮ್ಮೆ ನೆಟ್ಟಗೆ ನಿಲ್ಲಿಸಿದ್ದ,
ಸದ್ಯಕ್ಕೆ ಹತ್ತೊಂಬತ್ತು ದಿನ ಇಲ್ಲೇ ಇರುವ,
ಅತ್ಯಗತ್ಯವಲ್ಲದ ದರ್ಜಿ