ಧರ್ಮಯುದ್ಧದ ಪಾಠ ಮುಗಿದ ಮೇಲೆ

ಪೂಜ್ಯ ಫಾದರ್ ಅವರಿಗೆ ವಂದನೆಗಳು.

ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿಯೊಂದನ್ನು ಮೊದಲು ಘೋಷಿಸುತ್ತೇನೆ: ಎಂಟನೇ ತರಗತಿಯ ಕಪ್ಪುಹಲಗೆಗೆ ಕೊನೆಗೂ ಮೊಳೆ ಹೊಡೆಸಿದ್ದೇನೆ, ಇನ್ನು ಮುಂದೆ ಅದು ಅಲುಗಾಡುವುದಿಲ್ಲ. ಅಲ್ಲಿ ಈಗ ಅಲುಗಾಡುತ್ತಿರುವವನು ನಾನೊಬ್ಬನೇ.

ಪ್ರತಿ ಚರಿತ್ರೆ ಪಾಠದ ಕೊನೆಗೆ ದೇವರಿಗೆ ಕೃತಜ್ಞತೆ ಹೇಳುವ ನಮ್ಮ ಶಾಲೆಯ ಪದ್ಧತಿ ತಮಗೆ ಗೊತ್ತೇ ಇದೆ. ಮೊನ್ನೆ ಕ್ರುಸೇಡ್ ಎಂಬ ಧರ್ಮಯುದ್ಧದ ಪಾಠವಿತ್ತು. ಶಿಲುಬೆ ಹಿಡಿದ ನಮ್ಮ ಕ್ರೈಸ್ತ ಸೈನ್ಯ ಶತ್ರುಗಳ ಊರೊಳಗೆ ನುಗ್ಗಿ, ಹೆಂಗಸರು ಮಕ್ಕಳೆನ್ನದೆ ಕೊಂದಿತು ಎಂದು ಹೇಳಿ ಮುಗಿಸಿದೆ. ಮಕ್ಕಳು ರೂಢಿಯಂತೆ ಕೈಮುಗಿದು, "ಇದೆಲ್ಲ ನಿನ್ನ ಕೃಪೆ ಪ್ರಭುವೇ, ನಿನಗೆ ವಂದನೆ" ಅಂದುಬಿಟ್ಟವು. "ತಡೀರಿ ಮಕ್ಕಳೇ, ಇವತ್ತು ಕ್ಷಮಿಸು ಅಂತ ಕೇಳೋಣ" ಅಂದೆ.

ಅದು ಆಡಳಿತ ಮಂಡಳಿಯ ಅಧ್ಯಕ್ಷರ ಕಿವಿಗೆ ಬಿತ್ತು. "ಏನ್ ಮೇಷ್ಟ್ರೇ, ನಮ್ಮೋರನ್ನೇ ಕಟಕಟೇಲಿ ನಿಲ್ಲಿಸ್ತಿದೀರಂತೆ? ಸೋಮವಾರ ಅದೇ ಪಾಠ ಇನ್ನೊಂದ್ಸಲ ಮಾಡಿ, ನಾನೇ ಬಂದು ಕೂರ್ತೀನಿ. ನಿಮ್ಮ ಕೆಲಸದ ವಿಚಾರ ಆಮೇಲೆ ಮಾತಾಡೋಣ" ಅಂದರು.

ಸೋಮವಾರವೂ ಕ್ಷಮೆಯನ್ನೇ ಕೇಳಬೇಕೆಂದಿದ್ದೇನೆ. ಆದರೆ ಅವರ ಮುಖ ಕಂಡೊಡನೆ ನನ್ನ ಬಾಯಿಂದಲೇ ವಂದನೆ ಹೊರಟೀತೆಂದು, ಕೆಲಸ ಹೋಗುವುದಕ್ಕಿಂತ ಹೆಚ್ಚು ಹೆದರಿದ್ದೇನೆ.

ತಾವು ದಯವಿಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತು, ನನ್ನ ಪ್ರಾರ್ಥನೆ ಮುಗಿದೊಡನೆ ಅಧ್ಯಕ್ಷರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಒಂದು ಆಮೆನ್ ಹೇಳಿಬಿಡಿ.

ತಮ್ಮ ವಿಧೇಯ,
ಚರಿತ್ರೆ ಮೇಷ್ಟ್ರು