ಆ ಕೆಂಪು ಬಿಲ್ಲೆ ತಮ್ಮದು, ಸೆನೆಟರ್ ಅವರೇ

ಮಾನ್ಯ ಸೆನೆಟರ್ ಅವರೇ,

ತಮ್ಮ ಹೊಸ ಚುನಾವಣಾ ಜಾಹೀರಾತಿನಲ್ಲಿ ತಾವು ನಮ್ಮೂರ ಕಲ್ಲಿದ್ದಲು ಗಣಿಯ ಹಲಗೆಗೆ ಒಂದು ಕೆಂಪು ಬಿಲ್ಲೆ ತೂಗುಹಾಕುತ್ತೀರಿ. ಆ ಬಿಲ್ಲೆಯನ್ನು ನಂಬಿ ನನ್ನ ಗಂಡ ಹೋಬರ್ಟ್ ಸ್ಟ್ಯಾಂಪರ್ ಹೊಗೆ ತುಂಬಿದ ಗಣಿಯೊಳಗೆ ತಮ್ಮನ್ನು ಹುಡುಕಲು ಹೋಗಿ ಸತ್ತ. ತಾವು ಒಳಗೆ ಇರಲಿಲ್ಲ. ನನ್ನ ದೂರು ಇಷ್ಟೇ. ಆದರೆ ಇಷ್ಟನ್ನು ಯಾರಿಗೆ ಹೇಳಿದರೂ ಪೂರ್ತಿ ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಅದಕ್ಕೇ ನಮ್ಮ ಜಿಲ್ಲೆಯ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಚುನಾವಣೆ ಹತ್ತಿರ ಬಂದಾಗ ತಮ್ಮ ಕಚೇರಿಯವರು ಇದನ್ನೂ ಓದುತ್ತಾರೆಂದು ಕೇಳಿದ್ದೇನೆ.

ಆ ಜಾಹೀರಾತನ್ನು ನಾನು ಟಿವಿಯಲ್ಲಿ ಮೊದಲು ನೋಡಿದ್ದು ರಾತ್ರಿ ಬಟ್ಟೆ ಮಡಚುತ್ತಿದ್ದಾಗ. ತಮ್ಮ ತಲೆಗೆ ಹೆಲ್ಮೆಟ್, ಕೆನ್ನೆಗೆ ಅಲ್ಲಲ್ಲಿ ಒಂದಿಷ್ಟು ಮಸಿ. "ನಿಮ್ಮವರ ಜೊತೆ ಭೂಮಿಯ ಒಳಗೆ ಇಳಿದವನು ನಾನು" ಎಂದು ತಮ್ಮ ಧ್ವನಿ. ಕಿರುಚಬೇಕಿತ್ತೇನೋ, ಕಿರುಚಲಿಲ್ಲ. ಅದರ ಹಿಂದೆಯೇ ಮೊಣಕಾಲು ನೋವಿನ ಮುಲಾಮಿನ ಜಾಹೀರಾತು ಬಂತು, ಅದನ್ನೂ ನೋಡಿದೆ. ಕೋಪ ಎಂಬುದು ನನ್ನಲ್ಲಿ ಯಾವಾಗ ಖಾಲಿಯಾಯಿತೋ ತಿಳಿಯದು. ಆದ್ದರಿಂದ ಈ ಪತ್ರದಲ್ಲಿ ಬೈಗುಳ ಹುಡುಕಬೇಡಿ. ಮಿಕ್ಕ ಟವೆಲುಗಳನ್ನು ಮಡಚಿಟ್ಟು ಮಲಗಿದೆ.

ರಾಜಧಾನಿಯಲ್ಲಿ ಇದನ್ನು ಓದುವ ತಮ್ಮ ಕಚೇರಿಯವರಿಗಾಗಿ ಒಂದು ವಿಷಯ ಹೇಳಬೇಕು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಇಳಿಯುವ ಮುಂಚೆ ದೀಪದ ಕೋಣೆಯ ಹಲಗೆಗೆ ಅದನ್ನು ತೂಗುಹಾಕಬೇಕು, ಮೇಲೆ ಬಂದ ಕೂಡಲೇ ತಾನೇ ತೆಗೆಯಬೇಕು. ಇನ್ನೊಬ್ಬನ ಬಿಲ್ಲೆಯನ್ನು ಯಾರೂ ಮುಟ್ಟುವುದಿಲ್ಲ, ಸ್ವಂತ ಅಣ್ಣತಮ್ಮಂದಿರೂ ಮುಟ್ಟುವುದಿಲ್ಲ. ಹಲಗೆಯ ಮೇಲೆ ಬಿಲ್ಲೆ ಇದೆ ಎಂದರೆ ಮನುಷ್ಯ ಒಳಗಿದ್ದಾನೆ. ಹೊರಗಿನಿಂದ ಬಂದವರಿಗೆ ಕೊಡುವ ಬಿಲ್ಲೆಗೆ ಮಾತ್ರ ಕೆಂಪು ಬಣ್ಣ. ನಮ್ಮಲ್ಲಿ ಪಾದ್ರಿಯ ಮಾತಿಗೂ ಎದುರಾಡುವವರಿದ್ದಾರೆ, ಆ ಹಲಗೆಗೆ ಎದುರಾಡಿದವರನ್ನು ನಾನು ಕಂಡಿಲ್ಲ.

ಕಳೆದ ಚುನಾವಣೆಯ ಪ್ರಚಾರಕ್ಕೆ ತಾವು ಬಂದ ದಿನ ಆ ಬಿಲ್ಲೆ ತೂಗುಹಾಕಿದಿರಿ, ತಮ್ಮ ಕ್ಯಾಮೆರಾದವರು ಚಿತ್ರ ತೆಗೆದರು. ಆಮೇಲೆ ಯಾರೋ ತಮ್ಮ ಕಿವಿಯಲ್ಲಿ ಹೊತ್ತಾಯಿತೆಂದರಂತೆ. ಗಣಿಗೆ ಇಳಿಯದೆ ಹಿಂಬಾಗಿಲಿನಿಂದ ಹೊರಟಿರಿ. ಅದರಲ್ಲಿ ತಪ್ಪೇನಿಲ್ಲ, ತಾವು ಸುತ್ತಬೇಕಾದ ಊರು ಬಹಳ. ಆದರೆ ಬಿಲ್ಲೆ ತೆಗೆಯಲಿಲ್ಲ. ಒಂದು ಕೈ ಎತ್ತುವಷ್ಟು ಕೆಲಸ.

ಮಧ್ಯಾಹ್ನ ಒಳಗೆ ಕಲ್ಲಿದ್ದಲು ಸಾಗಿಸುವ ರಬ್ಬರ್ ಪಟ್ಟಿಗೆ ಬೆಂಕಿ ಹತ್ತಿ ಹೊಗೆಯೆದ್ದಿತು. ಹೋಬರ್ಟ್ ಸೇರಿ ಎಲ್ಲರೂ ಹೊರಗೆ ಓಡಿಬಂದು ತಂತಮ್ಮ ಬಿಲ್ಲೆ ತೆಗೆದುಕೊಂಡರು. ಹಲಗೆಯಲ್ಲಿ ಕೆಂಪು ಬಿಲ್ಲೆಯೊಂದೇ ಉಳಿಯಿತು. ಮೇಸ್ತ್ರಿ ಡೆನ್ಸಿಲ್ ರಾಟ್‌ಲಿಫ್ ತಮ್ಮ ಕಚೇರಿಗೆ ಫೋನು ಮಾಡಿದ. "ಭದ್ರತೆಯ ಕಾರಣ ಸೆನೆಟರ್ ಎಲ್ಲಿದ್ದಾರೆಂದು ಹೇಳಲಾಗದು" ಎಂದರು. ಅವನು ಬೇಡಿಕೊಂಡ. ಅವರು ಕಾಯಿರಿ ಎಂದು ಫೋನಿನಲ್ಲಿ ಸಂಗೀತ ಕೇಳಿಸಿದರು. ಮುಂದಿನದನ್ನು ಡೆನ್ಸಿಲ್ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದಾನೆ, ಅವನ ಮಾತಿನಲ್ಲೇ ಬರೆಯುತ್ತೇನೆ:

"ನಾನಂದೆ, ಹೋಬರ್ಟ್, ತಡಿಯೋ, ರಕ್ಷಣೆಯವರು ದಾರೀಲಿದಾರೆ. ಅವನಂದ, ಅವರು ಬರೋ ಹೊತ್ತಿಗೆ ಒಳಗಿರೋನು ಸುಟ್ಟ ಬದನೆಕಾಯಿ ಆಗಿರ್ತಾನೆ. ಅಲ್ಲಯ್ಯಾ, ನೀನು ಅವನಿಗೆ ಓಟೂ ಹಾಕಲ್ವಲ್ಲೋ ಅಂದೆ. ಅದಕ್ಕೆ ನಕ್ಕ ಕಣಮ್ಮಾ. ಓಟು ಬೇರೆ, ಹೊಗೆ ಬೇರೆ, ಇದನ್ನ ಹಿಡ್ಕೋ ಅಂತ ಬುತ್ತಿ ಡಬ್ಬಿ ನನ್ನ ಕೈಗೆ ಕೊಟ್ಟು ಹೋದ."

ಆ ಡಬ್ಬಿಯನ್ನು ಡೆನ್ಸಿಲ್ಲನೇ ಮನೆಗೆ ತಂದುಕೊಟ್ಟ. ಒಳಗೆ ಜೋಳದ ರೊಟ್ಟಿಯ ಅರ್ಧ ಉಳಿದಿತ್ತು.

ತನಿಖೆ ನಡೆಯುವ ಹೊತ್ತಿಗೆ ಕೆಂಪು ಬಿಲ್ಲೆ ಹಲಗೆಯ ಮೇಲೆ ಇರಲಿಲ್ಲ. ಯಾರು ತೆಗೆದರೋ ದೇವರೇ ಬಲ್ಲ. ಸೆನೆಟರ್ ಅವರು ಗಣಿ ಕಚೇರಿಯ ಬಾಗಿಲಲ್ಲಿ ಕಾರ್ಮಿಕರ ಕೈಕುಲುಕಿದರಷ್ಟೇ, ಹಲಗೆಯ ಹತ್ತಿರವೂ ಸುಳಿದಿಲ್ಲ ಎಂದು ತಮ್ಮ ಕಡೆಯಿಂದ ಹೇಳಿಕೆ ಬಂತು. ಡೆನ್ಸಿಲ್ ಆಘಾತದಲ್ಲಿದ್ದಾನೆ, ಅವನ ಮಾತು ನಂಬಲಾಗದು ಎಂದರು. ಹಲಗೆ ಕಂಡಿದ್ದ ಉಳಿದವರು ಕೆಲಸ ಹೋದೀತೆಂದು ಬಾಯಿಬಿಡಲಿಲ್ಲ. ಕೊನೆಗೆ ವರದಿಯಲ್ಲಿ ಹೋಬರ್ಟ್ ಸ್ಟ್ಯಾಂಪರ್ "ವೈಯಕ್ತಿಕ ಕಾರಣಕ್ಕಾಗಿ" ಮರಳಿ ಒಳಹೋದರು ಎಂದು ಬರೆದು ಎಲ್ಲರೂ ಕೈತೊಳೆದುಕೊಂಡರು. ಹೊಗೆ ತುಂಬಿದ ಗಣಿಯಲ್ಲಿ ಒಬ್ಬ ಮನುಷ್ಯನಿಗೆ ಏನು ವೈಯಕ್ತಿಕ ಕಾರಣ ಇರುತ್ತದೆ? ಬರೆದವರಿಗೆ ಆ ಪ್ರಶ್ನೆ ಹುಟ್ಟಲಿಲ್ಲ. ಊರವರಿಗೆ ಹುಟ್ಟಿತು, ಉತ್ತರವನ್ನೂ ಅವರೇ ಹುಟ್ಟಿಸಿಕೊಂಡರು. ಹೋಬರ್ಟ್ ಬುತ್ತಿ ಡಬ್ಬಿ ಮರೆತು ಬಂದಿದ್ದನಂತೆ, ಅದನ್ನು ತರಲು ಹೋಗಿ ಸತ್ತನಂತೆ. ಡಬ್ಬಿ ನನ್ನ ಮನೆಯಲ್ಲಿದೆ ಎಂದು ನಾನು ತೋರಿಸಿದರೆ, ಎಲ್ಲ ಡಬ್ಬಿಗಳೂ ಒಂದೇ ಥರ ಇರುತ್ತವೆ ಎನ್ನುತ್ತಾರೆ.

ಊರವರು ಏನಂದರೂ ನಾನು ತಡೆದುಕೊಂಡೇನು. ನನ್ನ ಮಗಳು ಟ್ವೈಲಾ ಅದನ್ನೇ ನಂಬಿದ್ದಾಳೆ. ಆಗ ಹೈಸ್ಕೂಲಿನಲ್ಲಿದ್ದಳು, ಮಕ್ಕಳು ಅವಳ ಮೇಜಿನ ಮೇಲೆ ಖಾಲಿ ಡಬ್ಬಿಗಳನ್ನು ಇಟ್ಟು ನಗುತ್ತಿದ್ದರು. ಈಗ ಹೆದ್ದಾರಿ ಪಕ್ಕದ ಅಗ್ಗದ ಅಂಗಡಿಯಲ್ಲಿ ಗಲ್ಲಾದ ಹಿಂದೆ ನಿಲ್ಲುತ್ತಾಳೆ. ಅಪ್ಪನ ಸಮಾಧಿಗೆ ಒಮ್ಮೆಯೂ ಬಂದಿಲ್ಲ. ಮೇ ತಿಂಗಳಲ್ಲಿ ಎಲ್ಲರೂ ಸಮಾಧಿಗಳನ್ನು ಒರೆಸಿ ಹೂವಿಟ್ಟು, ಅಲ್ಲೇ ಹುಲ್ಲಿನ ಮೇಲೆ ಕೂತು ಊಟ ಮಾಡುವ ಭಾನುವಾರ ಅವಳು ಅಂಗಡಿಯಲ್ಲಿ ಹೆಚ್ಚುವರಿ ಪಾಳಿ ಕೇಳಿ ಹಾಕಿಸಿಕೊಳ್ಳುತ್ತಾಳೆ. ಒಂದು ಡಬ್ಬಿಗಿಂತ ನಾವು ಅಗ್ಗವಾದೆವಲ್ಲ ಎಂಬುದು ಅವಳ ನೋವು.

ಜಾಹೀರಾತನ್ನು ಅವಳಿಗೂ ತೋರಿಸಿದೆ. "ನೋಡೇ, ಕೆಂಪು ಬಿಲ್ಲೆ. ಅವರ ಕೈಯಲ್ಲೇ ಇದೆ."

"ಅಮ್ಮಾ, ಸಾಕು ಮಾಡು. ಅದು ಯಾವ ಗಣಿಯೋ ಯಾವ ದಿನದ್ದೋ."

"ಹಿಂದೆ ನಿಂತಿರೋದು ಡೆನ್ಸಿಲ್ ಅಲ್ವೇನೇ?"

ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು. "ನೀನು ಅಪ್ಪನ ಹೆಂಡ್ತಿ, ಡೆನ್ಸಿಲ್ ಅವನ ಗೆಳೆಯ. ನೀವು ಇನ್ನೇನು ಹೇಳ್ತೀರಿ? ಆ ಮನುಷ್ಯನೇ ಬಂದು ಬಾಯಿಬಿಟ್ಟು ಹೇಳ್ಲಿ, ಆಗ ನೋಡೋಣ" ಎಂದು ಬ್ಯಾಗು ಹೆಗಲಿಗೇರಿಸಿ ಹೋದಳು.

ನನಗೆ ಅರ್ಥವಾಗದ್ದು ಒಂದಿದೆ, ಸೆನೆಟರ್ ಅವರೇ. ಆಗ ಆ ಚಿತ್ರವನ್ನು ತಾವು ಯಾರಿಗೂ ತೋರಿಸಲಿಲ್ಲ. ಈಗ ಪೆಟ್ಟಿಗೆಯಿಂದ ತೆಗೆದು ಊರಿಗೆಲ್ಲ ತೋರಿಸುತ್ತಿದ್ದೀರಿ. ನಾವು ಮರೆತಿದ್ದೇವೆಂದೋ, ಅಥವಾ ತಾವೇ ಮರೆತಿರೋ? ಮರೆತಿದ್ದರೆ ತಪ್ಪಿಲ್ಲ, ಇಲ್ಲಿ ಮರೆಯಲು ಬೇರೆ ಎಷ್ಟೋ ಇವೆ. ಗಣಿ ಮುಚ್ಚಿತು. ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗ ಮುಚ್ಚಿತು, ಈಗ ಹೆರಿಗೆ ನೋವು ಶುರುವಾದವರು ಬೆಟ್ಟ ದಾಟಬೇಕು. ನಲ್ಲಿ ನೀರನ್ನು ಕುದಿಸಿ ಕುಡಿಯಿರಿ ಎಂಬ ಚೀಟಿ ಬಾಗಿಲಿಗೆ ಅಂಟಿಸಿದ್ದು ಬಿಸಿಲಿಗೆ ಬಣ್ಣಗೆಟ್ಟಿದೆ. ತಾವು ಪ್ರತಿ ಸಲ ಬಂದು ಕಲ್ಲಿದ್ದಲು ಮರಳಿ ಬರುತ್ತದೆ ಎನ್ನುತ್ತೀರಿ. ಜನ ಚಪ್ಪಾಳೆ ತಟ್ಟುತ್ತಾರೆ, ನಾನೂ ಒಮ್ಮೆ ತಟ್ಟಿದ್ದೇನೆ. ಅದರ ಲೆಕ್ಕ ಕೇಳಲು ಈ ಪತ್ರ ಬರೆದಿಲ್ಲ.

ಮೊನ್ನೆ ಪಕ್ಕದ ಮನೆಯ ಓಪಲ್ ತಮ್ಮ ಹೆಸರಿನ ಬೋರ್ಡುಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ತಮ್ಮ ಪ್ರಚಾರದ ಕೆಲಸಕ್ಕೆ ಸೇರಿದ್ದಾಳೆ, ಒಳ್ಳೆಯ ಹೆಂಗಸು.

"ಆರ್ವೆಲ್ಲಾ, ನಿನ್ನ ಅಂಗಳದಲ್ಲಿ ಒಂದು ನೆಡ್ಲೇನೇ?"

"ಅಲ್ಲಿ ಹುಲ್ಲೇ ಬೆಳೀತಿಲ್ಲ, ಇದೇನು ಬೆಳೆಯುತ್ತೆ ಮಾರಾಯ್ತಿ?"

"ಹಳೇದನ್ನೆಲ್ಲ ಎಷ್ಟು ದಿನ ಅಂತ ಹಿಡ್ಕೊಂಡು ಕೂರ್ತೀಯ? ಹೋಬರ್ಟ್ ಇದ್ದಿದ್ರೂ ಬಿಟ್ಬಿಡು ಅಂತಿದ್ದ."

"ಇದ್ದಿದ್ರೆ ಅಂತಿದ್ದ" ಎಂದೆ. ಅವಳಿಗೆ ನಾಚಿಕೆಯಾಯಿತು. ಇಬ್ಬರೂ ಕಾಫಿ ಕುಡಿದೆವು. ಬೋರ್ಡನ್ನು ವಾಪಸು ತೆಗೆದುಕೊಂಡು ಹೋದಳು. ಬರುವ ಶನಿವಾರ ಹೈಸ್ಕೂಲಿನ ಆಟದ ಸಭಾಂಗಣದಲ್ಲಿ ತಮ್ಮ ಸಭೆ ಇದೆ ಎಂದು ಹೇಳಿದವಳೂ ಅವಳೇ.

ನನಗೆ ಪರಿಹಾರ ಬೇಡ. ತನಿಖೆಯನ್ನು ಮತ್ತೆ ತೆರೆಯುವುದೂ ಬೇಡ. ಜಾಹೀರಾತನ್ನು ನಿಲ್ಲಿಸುವುದೂ ಬೇಡ, ಬೇಕಾದಷ್ಟು ಸಲ ಹಾಕಿಕೊಳ್ಳಿ. ಶನಿವಾರ ಭಾಷಣದ ನಡುವೆ ಎಲ್ಲಾದರೂ ಒಂದು ಮಾತು ಸೇರಿಸಬೇಕು: "ಆ ದಿನ ಬಿಲ್ಲೆ ತೂಗುಹಾಕಿದ್ದು ನಾನು, ತೆಗೆಯದೆ ಹೋದವನೂ ನಾನು. ಹೋಬರ್ಟ್ ಸ್ಟ್ಯಾಂಪರ್ ನನ್ನನ್ನು ಹುಡುಕಲು ಹೋದ." ಕ್ಷಮೆ ಕೇಳಿದರೆ ಕೇಳಿ, ಬಿಟ್ಟರೆ ಬಿಡಿ. ಇದರಿಂದ ತಮಗೆ ಕೆಲವು ಓಟು ಹೋಗಬಹುದು. ಗೆಲ್ಲುವುದಂತೂ ತಾವೇ, ಇಲ್ಲಿ ಇನ್ನಾರು ಗೆದ್ದಿದ್ದಾರೆ?

ಟ್ವೈಲಾ ಅಂದು ರಜೆ ಹಾಕಿದ್ದಾಳೆ. ನಾನು ಕರೆದಿಲ್ಲ, ತಾನಾಗಿ ಹಾಕಿದ್ದಾಳೆ. ಯಾಕೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಸಭಾಂಗಣದ ಹಿಂಭಾಗದಲ್ಲಿ ಬಾಗಿಲ ಬಳಿ ನಿಲ್ಲುತ್ತಾಳೆ, ಬೇಸರವಾದರೆ ಹೊರಟುಹೋಗಲು ಅವಳಿಗೆ ಆ ಜಾಗವೇ ಅನುಕೂಲ. ಅಪ್ಪನಂತೆಯೇ ಎತ್ತರ, ಕೆಂಚುಕೂದಲು, ಕಂಡರೆ ತಿಳಿಯುತ್ತದೆ. ಅವಳು ಹೋಗಿಬಿಡುವ ಮುಂಚೆ ಹೇಳಿ.

ಇಂತಿ,
ತಮ್ಮನ್ನು ಹುಡುಕಿ ಹೋದವನ ಹೆಂಡತಿ,
ಮತದಾರರ ಪಟ್ಟಿಯಲ್ಲಿ ಇನ್ನೂ ಹೆಸರಿರುವ
ಆರ್ವೆಲ್ಲಾ ಸ್ಟ್ಯಾಂಪರ್